ಇನ್ನೂರು ಮೊಳ ಎತ್ತರದ ನೆರಳು

ಆ ಊರಿನಲ್ಲಿ ಬಾಡಿಗೆ ಮನೆ ಹುಡುಕುವವರು ಮೊದಲು ನೋಡುವುದು ಅಡುಗೆಮನೆಯನ್ನಲ್ಲ, ನೀರಿನ ನಲ್ಲಿಯನ್ನೂ ಅಲ್ಲ. ತಲೆಯೆತ್ತಿ ಆಕಾಶವನ್ನು ನೋಡುತ್ತಾರೆ. ಎಂಜಿನ್ ಆರಿಸಿ ಚಾಲಕ ಕೆಳಗಿಳಿದನೆಂದರೆ ಅಲ್ಲಿ ಗಾಡಿ ನೆಲ ಬಿಡುತ್ತದೆ. ಖಾಲಿ ಗಾಡಿ ಹಗ್ಗವಿದ್ದಷ್ಟೂ ಏರುತ್ತದೆ. ಹೊರೆಯಿದ್ದದ್ದು ಹೊರೆಗೆ ತಕ್ಕ ತಗ್ಗಿನಲ್ಲಿ ನಿಂತು ತೂಗಾಡುತ್ತದೆ. ಆದ್ದರಿಂದ ಅಲ್ಲಿ ಮಾಳಿಗೆಗಳ ಗಾರೆಯಲ್ಲಿ ಕಬ್ಬಿಣದ ಕೊಂಡಿಗಳನ್ನು ಹೂತಿರುತ್ತಾರೆ, ಮತ್ತು ಮನೆಯ ಯೋಗ್ಯತೆಯನ್ನು ಕೋಣೆಗಳ ಸಂಖ್ಯೆಗಿಂತ ಹೆಚ್ಚಾಗಿ ಕೊಂಡಿಯ ದಪ್ಪ ನಿರ್ಧರಿಸುತ್ತದೆ. ಬೆಳಿಗ್ಗೆ ಏಳರ ಹೊತ್ತಿಗೆ ಬೀದಿಯುದ್ದಕ್ಕೂ ಜನರು ಮಾಳಿಗೆ ಹತ್ತಿ, ಗಾಡಿಗಳನ್ನು ಹಗ್ಗ ಹಿಡಿದು ಕೆಳಗೆಳೆದು, ಹಟಮಾರಿ ಕರುಗಳನ್ನು ಹೊರಡಿಸುವವರಂತೆ ಬೀದಿಗೆ ಇಳಿಸುತ್ತಾರೆ. ಅದನ್ನು ಕಂಡು ನಗುವವರು ಹೊರಗಿನವರು. ನಾನು ಮೂರು ದಿನ ನಕ್ಕೆ. ನಾಲ್ಕನೆಯ ದಿನ ನಗು ನಿಂತಿತು.

ನಾನು ಅಲ್ಲಿ ಉಳಿಯಬೇಕೆಂದು ಬಂದವಳಲ್ಲ. ಎಲ್ಲಿಯೂ ಹಾಗೆ ಬಂದವಳಲ್ಲ. ಇಪ್ಪತ್ತೆರಡು ವರ್ಷಗಳಿಂದ ಒಂದು ವ್ಯಾನಿನಲ್ಲಿ ಹಳೆಯ ಕಾದಂಬರಿಗಳನ್ನು ತುಂಬಿಕೊಂಡು ಊರೂರು ಸುತ್ತಿ ಮಾರುತ್ತಿದ್ದೆ. ಮುಖಪುಟದಲ್ಲಿ ಪಿಸ್ತೂಲು ಹಿಡಿದ ಗಂಡಸೋ ಕಂಬಕ್ಕೆ ಒರಗಿ ಅಳುವ ಹೆಂಗಸೋ ಇರುವ, ಬಸ್ ನಿಲ್ದಾಣಗಳಲ್ಲಿ ಕೈಯಿಂದ ಕೈಗೆ ದಾಟಿ ಮೂಲೆ ಮಡಿಸಿಕೊಂಡ ಪುಸ್ತಕಗಳು. ನಾನು ಓದು ಕಲಿತದ್ದು ಅವುಗಳಿಂದ. ಲೋಕದ ಬಗ್ಗೆ ನನಗೆ ತಿಳಿದಿದ್ದ ಮುಕ್ಕಾಲು ಪಾಲು ಸಂಗತಿಗಳೂ ಅಲ್ಲಿಯವೇ. ಹಗಲು ಅಂಗಡಿ, ಸಂಜೆಯ ಮೇಲೆ ಮನೆ: ಆ ವ್ಯಾನಿನ ಹೊರಗೆ ನನ್ನದೆನ್ನುವುದು ಈ ಭೂಮಿಯ ಮೇಲೆ ಏನೂ ಇರಲಿಲ್ಲ. ಅದರ ಎಂಜಿನ್ನು ಆ ಊರಿನ ನಡುಬೀದಿಯಲ್ಲಿ ಒಡೆಯಿತು. ಮೆಕ್ಯಾನಿಕ್ ಬಗ್ಗಿ ನೋಡಿ, ಬೇಕಾದ ಭಾಗ ಹೊರಗಿನಿಂದ ಬರಲು ಎರಡು ತಿಂಗಳಾದೀತು ಎಂದ. ಊರ ಗಡಿ ದಾಟಿಸಿದರೆ ವ್ಯಾನು ಮತ್ತೆ ನೆಲಕ್ಕೆ ಕುಸಿದು ಬರೀ ಕಬ್ಬಿಣವಾಗುತ್ತಿತ್ತು. ಹತ್ತಿರದ ಬೇರೆ ಊರು ಇಪ್ಪತ್ತು ಮೈಲಿ.

ಪುರಸಭೆಯವರು ವ್ಯಾನನ್ನು ತಮ್ಮ ಅಂಗಳದ ಗೂಟಕ್ಕೆ ಕಟ್ಟಿಸಿದರು. ನೆರಳಿನ ವ್ಯವಹಾರಗಳನ್ನು ನೋಡಿಕೊಳ್ಳುವ ಗುಮಾಸ್ತ ಗಫಾರ್ ಸಾಹೇಬರು, ಬಿಳಿಗಡ್ಡದ ನಿಧಾನಸ್ಥರು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನಿಯಮ ತಿಳಿಸಿದರು. ಪರವೂರಿನ ಗಾಡಿಗೆ ಏಳು ದಿನ ಅವಕಾಶ. ಅಷ್ಟರೊಳಗೆ ಒಂದು ಮನೆಯನ್ನೂ ಅದರ ಕೊಂಡಿಯನ್ನೂ ಬಾಡಿಗೆಗೆ ಹಿಡಿಯಬೇಕು. ಗಾಡಿಯ ನೆರಳು ಯಾರ ಮಾಳಿಗೆಯ ಮೇಲೆ ಬೀಳುವುದೋ ಆ ನೆರೆಯವರು ಒಪ್ಪಿ ರುಜು ಹಾಕಬೇಕು. ಇಲ್ಲವಾದರೆ ಏಳನೆಯ ದಿನ ಸೂರ್ಯ ಮುಳುಗುವ ಮುಂಚೆ ಹಗ್ಗ ಕತ್ತರಿಸುತ್ತಾರೆ.

“ಕತ್ತರಿಸಿದರೆ?” ಎಂದೆ.

“ಹೋಗುತ್ತೆ,” ಎಂದರು ಸಾಹೇಬರು, ಕಿಟಕಿಯಾಚೆ ನೋಡಿ. “ನನ್ನ ಸರ್ವೀಸಿನಲ್ಲಿ ಹನ್ನೊಂದು ಹೋಗಿವೆ. ಒಂದೂ ವಾಪಸು ಬಂದಿಲ್ಲ ಅಮ್ಮ.”

ಮರುದಿನವೇ ಮನೆ ದಲ್ಲಾಳಿ ತಿಪ್ಪೇಶಿಯನ್ನು ಹಿಡಿದೆ. ನಲವತ್ತರ ಗಟ್ಟಿ ಆಳು. ಕೊರಳಲ್ಲಿ ದುರ್ಬೀನು, ಕಂಕುಳಲ್ಲಿ ಛತ್ರಿ. ಬೇರೆ ಊರುಗಳಲ್ಲಿ ಒಂಟಿ ಹೆಂಗಸು ಮನೆ ಕೇಳಿದರೆ ಗಂಡನೆಲ್ಲಿ, ಜಾತಿ ಯಾವುದು, ಅಡುಗೆಗೆ ಮೊಟ್ಟೆ ತರುತ್ತೀರಾ ಎಂದು ವಿಚಾರಿಸುತ್ತಿದ್ದರು. ಅಂಥ ಪ್ರಶ್ನೆಗಳಿಗೆ ನಾನು ಕಾದಂಬರಿಗಳಿಂದ ಎತ್ತಿದ ಸೊಗಸಾದ ಉತ್ತರಗಳನ್ನು ಸಿದ್ಧವಾಗಿ ಇಟ್ಟುಕೊಂಡಿದ್ದೆ. ತಿಪ್ಪೇಶಿ ಅವುಗಳಲ್ಲಿ ಒಂದನ್ನೂ ಕೇಳಲಿಲ್ಲ.

“ಗಾಡಿ ಉದ್ದ ಎಷ್ಟಕ್ಕ? ಒಳಗೆ ಹೊರೆ ಏನು?”

“ನನ್ನ ವಿಷಯ ಏನೂ ಕೇಳುವುದಿಲ್ಲವೇ?”

“ನಿಮ್ಮ ವಿಷಯ ಕಟ್ಕೊಂಡು ಯಾರಿಗೇನಾಗ್ಬೇಕಕ್ಕ? ನೀವೇನು ಪಕ್ಕದ ಮನೆ ಬಿಸಿಲಿಗೆ ಅಡ್ಡ ಬರ್ತೀರಾ?”

ಎರಡು ದಿನಗಳಲ್ಲಿ ಐದು ಮನೆ ನೋಡಿದೆವು. ಮೊದಲನೆಯದರ ಕೊಂಡಿ ತುಕ್ಕು ಹಿಡಿದು, ಮುಟ್ಟಿದರೆ ಪುಡಿಯಾಗಿ ಕೈಗೆ ಬರುತ್ತಿತ್ತು. ಮತ್ತೊಂದರ ನೆರೆಯಲ್ಲಿ ಮಲ್ಲಿಗೆ ಬೆಳೆಸುತ್ತಿದ್ದ ಅಕ್ಕತಂಗಿಯರಿಬ್ಬರು ವ್ಯಾನಿನ ಉದ್ದ ಕೇಳಿದೊಡನೆ ಬಾಗಿಲು ಹಾಕಿಕೊಂಡರು. ಒಬ್ಬ ನೆರೆಯಾತ ಮೊಣಕಾಲು ನೋವಿಗೆ ಬೆಳಗಿನ ಬಿಸಿಲು ಕಾಯಿಸುವವನು. ಒಪ್ಪುತ್ತೇನೆ, ಆದರೆ ದಿನಾ ನನ್ನ ಕಾಲು ನೀವುತ್ತೀರಾ ಎಂದು ಕೇಳಿದ. ಆ ಮನೆಯ ಮೆಟ್ಟಿಲನ್ನು ನಾನೇ ಮೊದಲು ಇಳಿದೆ. ಉಳಿದ ಎರಡು ನೆನಪಿಡುವಂಥವಲ್ಲ. ಆದರೂ ನಾನು ಎದೆಗುಂದಲಿಲ್ಲ. ನಾನು ಓದಿದ ಕಥೆಗಳಲ್ಲಿ ಇಪ್ಪತ್ತನೆಯ ಪುಟಕ್ಕೇ ಸೋತವರ ಹೆಸರು ಬೆನ್ನುಡಿಯಲ್ಲಿ ಇರುತ್ತಿರಲಿಲ್ಲ.

ಆರನೆಯದು ಮರುಳಸಿದ್ದಯ್ಯನವರ ಮನೆಯ ಮೇಲಂತಸ್ತು. ಅವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದು ನಿವೃತ್ತರಾದವರು. ಮಾತಿನ ನಡುವೆ ಎದುರಿಗಿದ್ದವರ ಕಣ್ಣಿನ ರೆಪ್ಪೆ ಎಳೆದು ನೋಡಿಬಿಡುವರೋ ಎಂಬಂತೆ ಹತ್ತಿರ ನಿಲ್ಲುತ್ತಿದ್ದರು. ಎರಡು ಕೋಣೆ, ಒಳಗೇ ನಲ್ಲಿ, ಬೇವಿನ ಮರದ ಕಡೆಗೆ ತೆರೆಯುವ ಕಿಟಕಿ. ಗೋಡೆಗಳಲ್ಲಿ ಸಾಲಾಗಿ ಗೂಡುಗಳು. ಪುಸ್ತಕ ಜೋಡಿಸಲೆಂದೇ ಯಾರೋ ಕಟ್ಟಿಸಿದ ಹಾಗೆ. ಮಾಳಿಗೆಯ ಪಡುವಲ ಅಂಚಿನಲ್ಲಿ ನನ್ನ ಮಣಿಕಟ್ಟಿನಷ್ಟು ದಪ್ಪದ ಕೊಂಡಿ. ನಾನು ಅದನ್ನು ಹಿಡಿದು ಮೈಭಾರವನ್ನೆಲ್ಲ ಹಾಕಿ ಜಗ್ಗಿದೆ. ಅದು ಉಸಿರೂ ಬಿಡಲಿಲ್ಲ.

“ಇದೇ ಮನೆ,” ಎಂದೆ.

“ಮೂರು ವರ್ಷದಿಂದ ಎಲ್ಲರೂ ಹಿಂಗೇ ಅಂತಾರೆ ಕಣಮ್ಮ,” ಎಂದರು ಮರುಳಸಿದ್ದಯ್ಯ. “ಮಧ್ಯಾಹ್ನದ ನೆರಳು ಮೂಡಲಿಗೆ, ರಸ್ತೆ ಮೇಲೆ ಬೀಳುತ್ತೆ, ಯಾರ ತಕರಾರೂ ಇಲ್ಲ. ಬೆಳಗಿನದೇ ಪೀಕಲಾಟ. ಅಲ್ಲಿ ನೋಡಿ.”

ಪಡುವಲಿಗೆ, ಗೋಡೆಗೆ ಗೋಡೆ ತಾಗಿ, ಕಿರಿದಾದ ಒಂದು ಮಾಳಿಗೆಯಿತ್ತು. ಅದರ ಮೇಲೆ ಬಿಳಿಯ ಪಂಚೆಗಳನ್ನು ಹಾಸಿ ಸಾಲುಸಾಲಾಗಿ ಉದ್ದಿನ ಹಪ್ಪಳ ಹರವಿತ್ತು. ಸಾಲುಗಳ ನಡುವೆ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದೊಂದನ್ನೇ ಬೆರಳ ತುದಿಯಿಂದ ತಿರುವಿಹಾಕುತ್ತಿದ್ದಳು. ಪುಟ್ಟನಂಜಮ್ಮ. ಊರಿನ ಮದುವೆಗಳಿಗೆಲ್ಲ ಹಪ್ಪಳ ಅವಳದೇ; ಅದೇ ಅವಳ ಅನ್ನ.

“ಅವ್ವಾ, ಹೊಸ ಬಾಡಿಗೆಯವರು ಬಂದವ್ರೆ,” ಎಂದು ತಿಪ್ಪೇಶಿ ಕೂಗಿದ.

“ಬರ್ಲಿ. ಗಾಡಿ ಐತಾ?”

“ಐತೆ.”

“ಹಂಗಾರೆ ಹೋಗ್ಲಿ.” ಅವಳು ತಲೆಯನ್ನೂ ಎತ್ತಲಿಲ್ಲ.

ನಾನು ಎರಡು ಮಾಳಿಗೆಗಳ ನಡುವಿನ ಮೋಟುಗೋಡೆಯ ಬಳಿಗೆ ಹೋಗಿ ನನ್ನ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ: ಎಂಜಿನ್ನು, ಎರಡು ತಿಂಗಳು, ಏಳು ದಿನದ ಗಡುವು, ಅದರಲ್ಲಿ ಕಳೆದ ಮೂರು. ಅವಳು ಕೇಳಿದಳು, ಆದರೆ ಕೈ ನಿಲ್ಲಿಸದೆ.

“ನೋಡವ್ವಾ, ಹಪ್ಪಳಕ್ಕೆ ಬೇಕಾದ್ದು ಬೆಳಗಿನ ಬಿಸಿಲು. ಎಂಟಕ್ಕೆ ಹರವಿದ್ರೆ ಹನ್ನೊಂದೂವರೆಗೆ ಸಣ್ಣಗೆ ಗಟ್ಟಿ ಆಗ್ಬೇಕು. ಮಧ್ಯಾಹ್ನದ ಬಿಸಿಲಿಗೆ ಹಸಿ ಹಪ್ಪಳ ಕೊಟ್ರೆ ಅಂಚು ಮುದುರಿ ದೋಣಿ ಆಗ್ತದೆ. ಹಿಂದೆ ಇಲ್ಲೊಬ್ಬ ಇದ್ದ, ಟಾಯರು ಮಾರೋನು. ನೆರಳು ಅಳೆಯೋ ದಿನ ಗಾಡೀನ ಆ ಮೂಲೆಗೆ ತಳ್ಳಿ ಹಿಡ್ಕೊಂಡು, ನೆರಳೇ ಬೀಳಲ್ಲ ಅಂತ ನನ್ನ ಹತ್ರ ರುಜು ಹಾಕಿಸ್ಕೊಂಡ. ಆಮೇಲೆ ನಾಕು ತಿಂಗಳು ನನ್ನ ಹಪ್ಪಳ ಬೂಷ್ಟು ಹಿಡೀತು. ಒಂದು ಮದುವೆ ಮನೇಲಿ ಎಲೆ ಮುಂದೆ ಕೂತೋರು ಎತ್ತಿ ಪಕ್ಕಕ್ಕಿಟ್ರು. ಅವರು ಇಟ್ಟಿದ್ದು ನಾನು ಕಣ್ಣಾರೆ ನೋಡ್ದೆ. ಅವತ್ತಿಂದ ರುಜು ಹಾಕೋದು ಬಿಟ್ಟಿದೀನಿ.”

ನಾನು ನಮಸ್ಕಾರ ಮಾಡಿ ಹಿಂತಿರುಗಿದೆ.

ನೆರಳಿನ ತಕರಾರಿಗೆ ಆ ಊರಿನವರು ಬಲ್ಲದ್ದು ಒಂದೇ ಔಷಧಿ: ಭಾರ. ಗಾಡಿಯನ್ನು ತಗ್ಗಿಸು, ನೆರಳು ಕಿರಿದಾಗುತ್ತದೆ. ಹಾಗೆಂದು ಅವರಿಗೆ ಅವರ ಅಪ್ಪಂದಿರು ಹೇಳಿದ್ದರು. ಮರುದಿನ ಬೆಳಿಗ್ಗೆ ತಿಪ್ಪೇಶಿ ನನ್ನ ವ್ಯಾನನ್ನು ಹಗ್ಗ ಹಿಡಿದು ಬೀದಿಯಲ್ಲಿ ನಡೆಸಿಕೊಂಡು ಬಂದು ಮರುಳಸಿದ್ದಯ್ಯನವರ ಕೊಂಡಿಗೆ ಪರೀಕ್ಷೆಗೆಂದು ಕಟ್ಟಿದ. ಮೂರೂವರೆ ಸಾವಿರ ಕಾದಂಬರಿಗಳ ಹೊರೆಗೆ ಅದು ಮಾಳಿಗೆಯಿಂದ ಎರಡಾಳೆತ್ತರದಲ್ಲಿ ನಿಂತಿತು. ಸಾಲದೆಂದು ತಿಪ್ಪೇಶಿ ಒಳಗೆ ಹತ್ತಿ ಕುಳಿತ. ತೂಕಕ್ಕೆ ಕೂರುವುದನ್ನೇ ಕಸುಬು ಮಾಡಿಕೊಂಡ ಇಬ್ಬರು ದಢೂತಿ ಅಣ್ಣತಮ್ಮಂದಿರು ದಿನಪತ್ರಿಕೆ ಸಮೇತ ಬಂದು ಕುಳಿತರು. ಉತ್ಸಾಹ ತಡೆಯಲಾರದೆ ಮರುಳಸಿದ್ದಯ್ಯನವರೂ ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದರು. ವ್ಯಾನಿನ ಹೊಟ್ಟೆ ಮೋಟುಗೋಡೆಗೆ ತಾಗುವಷ್ಟು ಕೆಳಗಿಳಿಯಿತು. ಅದರ ನೆರಳು ಪುಟ್ಟನಂಜಮ್ಮನ ಮೂರು ಸಾಲು ಹಪ್ಪಳಗಳ ಮೇಲೆ ಒದ್ದೆ ಕಂಬಳಿಯಂತೆ ಬಿದ್ದು, ಎಂಟರಿಂದ ಹತ್ತರವರೆಗೆ ಅಲ್ಲೇ ಇತ್ತು.

ಪುಟ್ಟನಂಜಮ್ಮ ಸೊಂಟದ ಮೇಲೆ ಕೈಯಿಟ್ಟು ವ್ಯಾನಿನ ಕಿಟಕಿಗಳಲ್ಲಿ ತುಂಬಿದ್ದ ಮುಖಗಳನ್ನು ನೋಡಿದಳು. “ಮರುಳಸಿದ್ದಯ್ನೋರೇ, ದಿಬ್ಬಣ ಯಾವೂರಿಗೆ? ಹೆಣ್ಣು ಎಲ್ಲಿ?”

“ಸ್ವಲ್ಪ ತಾಳು ನಂಜಮ್ಮ, ಇನ್ನೊಬ್ಬರು ಬಂದು ಕೂತ್ರೆ ಸರಿಹೋಗುತ್ತೆ,” ಎಂದಿತು ಒಳಗಿನಿಂದ ಮರುಳಸಿದ್ದಯ್ಯನವರ ಧ್ವನಿ.

“ನಾನೂ ಬಂದು ಕೂತ್ಕೊಳ್ಳಾ? ನಿಮ್ಮ ಗಾಡಿ ಸೀದಾ ನನ್ನ ಹಪ್ಪಳದ ಮೇಲೇ ಕೂರ್ತದೆ, ಆಗ ನೆರಳಿನ ಮಾತೇ ಇಲ್ಲ.”

ಪತ್ರಿಕೆ ಓದುತ್ತಿದ್ದ ಅಣ್ಣತಮ್ಮಂದಿರು ಮೊದಲು ನಕ್ಕರು. ಆಮೇಲೆ ವ್ಯಾನೇ ಅಲುಗಾಡುವಂತೆ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಉಳಿದದ್ದು ಮೂರೇ ದಿನ.

ಐದನೆಯ ದಿನ ಬೆಳಿಗ್ಗೆ ಪುರಸಭೆಯ ಎದುರಿನ ಹೋಟೆಲಿನಲ್ಲಿ ಹೊರಗಿನ ಬೆಂಚಿನ ಮೇಲೆ ಇಡ್ಲಿ ತಿನ್ನುತ್ತ ಕುಳಿತಿದ್ದೆ. ರಸ್ತೆಯಾಚೆ ಊರಿನ ನೀರಿನ ಟ್ಯಾಂಕು. ಊರಿನಲ್ಲೆಲ್ಲ ಅತಿ ಎತ್ತರದ ಕಟ್ಟಡ. ಅದರ ನೆತ್ತಿಯ ನೆರಳು ನನ್ನ ಬೆಂಚಿನ ಮೇಲಿತ್ತು. ತಂಪಾಗಿದೆಯೆಂದೇ ನಾನು ಅಲ್ಲಿ ಕುಳಿತದ್ದು. ಎರಡನೆಯ ಇಡ್ಲಿ ಮುಗಿಯುವ ಮೊದಲೇ ಬಿಸಿಲು ನನ್ನ ಕುತ್ತಿಗೆಯನ್ನು ಸುಡತೊಡಗಿತು. ನೆರಳು ಪಕ್ಕದ ಬೆಂಚಿಗೆ ಸರಿದಿತ್ತು. ನಾನೂ ಸರಿದೆ. ಕಾಫಿ ಬಂದಿತು, ಅದು ಆರುವಷ್ಟರಲ್ಲಿ ನೆರಳು ಮೂರನೆಯ ಬೆಂಚಿಗೆ ಹೋಗಿತ್ತು. ಆದರೆ ಹೋಟೆಲಿನ ಬಾಗಿಲಲ್ಲಿದ್ದ ಕಸದ ಡಬ್ಬಿಯ ನೆರಳು ನಾನು ಬಂದಾಗ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲೇ ಬಿದ್ದುಕೊಂಡಿತ್ತು.

ಲೋಟವನ್ನು ಅಲ್ಲೇ ಬಿಟ್ಟು ಎದ್ದೆ. ತಗ್ಗಿನಲ್ಲಿರುವ ವಸ್ತುವಿನ ನೆರಳು ಕುಳಿತುಕೊಳ್ಳುತ್ತದೆ, ಎತ್ತರದಲ್ಲಿರುವುದರ ನೆರಳು ನಡೆದುಹೋಗುತ್ತದೆ. ಇಷ್ಟು ಸರಳವಾದ ಸಂಗತಿ ಆ ಊರಿನವರಿಗೆ ಹೊಳೆದಿರಲಿಲ್ಲವೆಂದಲ್ಲ. ಅವರಿಗೆ ಅದು ಬೇಕಾಗಿರಲಿಲ್ಲ. ದಿನಬೆಳಗಾದರೆ ಗಾಡಿಯನ್ನು ಕೆಳಗೆಳೆಯಬೇಕಾದವರು ಅದನ್ನು ಎತ್ತರಕ್ಕೆ ಬಿಡುವ ಮಾತನ್ನು ಯಾಕಾದರೂ ಯೋಚಿಸಿಯಾರು? ನನ್ನ ವ್ಯಾನಿನ ಎಂಜಿನ್ನು ಹೇಗೂ ಕೆಟ್ಟಿತ್ತು. ಎರಡು ತಿಂಗಳು ಅದನ್ನು ಕೆಳಗಿಳಿಸುವ ಅಗತ್ಯವಿರಲಿಲ್ಲ.

ನೇರವಾಗಿ ಗಫಾರ್ ಸಾಹೇಬರ ಮೇಜಿನ ಮುಂದೆ ನಿಂತೆ. “ಸಾಹೇಬರೇ, ಎಷ್ಟು ಹೊತ್ತು ಬಿದ್ದರೆ ಅದು ನೆರಳು?”

ಅವರು ಕನ್ನಡಕ ಏರಿಸಿಕೊಂಡರು. “ಅರ್ಧ ಗಂಟೆ. ಅದಕ್ಕಿಂತ ಕಡಿಮೆ ಬಿದ್ದದ್ದನ್ನ ಮೋಡ ಅಂತ ಬರ್ಕೊತೀವಿ. ಮೋಡಕ್ಕೆ ಯಾರ ಒಪ್ಪಿಗೇನೂ ಬೇಡ.”

“ಗಾಡಿ ಎಷ್ಟು ಎತ್ತರಕ್ಕೆ ಹೋಗಬಹುದು? ಮಿತಿ ಉಂಟೇ?”

“ಕೆಳಗಿನ ಮಿತಿ ಇದೆ, ಜನರ ತಲೆಗೆ ತಾಗಬಾರದು. ಮೇಲಿನದು...” ಪುಸ್ತಕವನ್ನು ಹಿಂದೆ ಮುಂದೆ ತಿರುವಿ ನೋಡಿದರು. “ಮೂವತ್ತು ಮೊಳದ ಆಚೆಗೆ ಕಾಲಮ್ಮೇ ಇಲ್ಲಮ್ಮ. ಯಾರೂ ಕೇಳೇ ಇಲ್ಲ.”

ವ್ಯಾನನ್ನು ಇನ್ನೂರು ಮೊಳ ಎತ್ತರಕ್ಕೆ ಬಿಡೋಣವೆಂದು ತಿಪ್ಪೇಶಿಗೆ ಹೇಳಿದಾಗ ಅವನು ದುರ್ಬೀನನ್ನು ತಿರುಗಿಸಿ ಹಿಡಿದು ನನ್ನನ್ನೇ ನೋಡಿದ. “ಅಕ್ಕಾ, ಅಷ್ಟೆತ್ತರಕ್ಕೆ ಹೋಗ್ಬೇಕಾದ್ರೆ ಗಾಡಿ ಬರಿದಾಗ್ಬೇಕು. ಆ ಪುಸ್ತಕದ ಗುಡ್ಡಾನ ಎಲ್ಲಿಡ್ತೀರಿ? ಒಪ್ಪಿಗೆ ಆಗೋ ತಂಕ ಮನೆಯೊಳಗೆ ಒಂದು ಚಮಚಾನೂ ಇಳಿಸೋ ಹಾಗಿಲ್ಲ, ಅದೂ ನಿಯಮ. ನೀವಿರೋ ಛತ್ರದಲ್ಲಿ ಒಂದು ಚೀಲಕ್ಕಿಂತ ಜಾಸ್ತಿ ಬಿಡಲ್ಲ. ಇನ್ನು ಹಗ್ಗ? ಇನ್ನೂರು ಮೊಳ ಹಗ್ಗ ಈ ಊರಲ್ಲಿ ಯಾವನ ಮನೇಲಿದೆ?”

“ಒಬ್ಬನ ಮನೆಯಲ್ಲಿ ಇಲ್ಲ,” ಎಂದೆ. “ಎಲ್ಲರ ಮನೆಯಲ್ಲೂ ಒಂದೊಂದು ತುಂಡಿದೆ.”

ಆ ದಿನ ಮಧ್ಯಾಹ್ನ ನಾವು ವ್ಯಾನನ್ನು ಬೀದಿಯ ನಡುವೆ ಕಟ್ಟಿ, ಅದರ ಹಿಂಬಾಗಿಲು ತೆರೆದೆವು. ಒಂದು ತುಂಡು ಹಗ್ಗ ತಂದವರು ಹೊರುವಷ್ಟು ಕಾದಂಬರಿಗಳನ್ನು ಒಯ್ಯಬಹುದು, ಓದಬಹುದು. ನನಗೆ ಮನೆ ಸಿಕ್ಕ ಮೇಲೆ ಹಿಂದಿರುಗಿಸಬೇಕು. ತಿಪ್ಪೇಶಿ ಛತ್ರಿಯನ್ನು ಆಡಿಸುತ್ತ ಬೀದಿಬೀದಿಯಲ್ಲಿ ಸಾರಿದ. ಮೊದಲ ಒಂದು ಗಂಟೆ ಯಾರೂ ಬರಲಿಲ್ಲ. ಆಮೇಲೆ ಒಬ್ಬ ದರ್ಜಿ ಎಂಟು ಮೊಳ ನೂಲಿನ ಹಗ್ಗ ತಂದು, ಕೊಲೆ ಇರುವ ಪುಸ್ತಕಗಳೆಲ್ಲ ತನಗೇ ಬೇಕೆಂದ. ಅವನ ಹಿಂದೆ ಅವನ ಹೆಂಡತಿ ಬಂದು, ಕೊಲೆಯಿಲ್ಲದವು ಯಾವುವು ಎಂದು ಕೇಳಿದಳು. ಸಂಜೆಯ ಹೊತ್ತಿಗೆ ಸಾಲು ಮೂಲೆ ತಿರುಗಿತ್ತು. ಬಟ್ಟೆ ಒಣಗಿಸುವ ನೈಲಾನು, ಬಾವಿಯ ತೆಂಗಿನ ನಾರು, ತೊಟ್ಟಿಲಿನ ಬಣ್ಣದ ಹಗ್ಗ, ಎಮ್ಮೆಯ ಕಣ್ಣಿ. ಮರುಳಸಿದ್ದಯ್ಯನವರು ಕಟ್ಟೆಯ ಮೇಲೆ ಕುಳಿತು ಗಂಟು ಹಾಕಿದರು. ತುಂಟ ಹೋರಿಗಳನ್ನು ಕಟ್ಟಿಹಾಕಿ ಅಭ್ಯಾಸವಿದ್ದ ಕೈಗಳ ಗಂಟುಗಳವು. ನಾನು ಪ್ರತಿಯೊಂದು ಪುಸ್ತಕವನ್ನೂ ಕೈಯಾರೆ ಕೊಟ್ಟೆ. ಕೆಲವನ್ನು ಕೊಡುವಾಗ ಬೆರಳುಗಳು ಸಡಿಲಾಗಲು ತುಸು ಹೊತ್ತು ಹಿಡಿಯಿತು. ಅದನ್ನು ನಾನಿಲ್ಲಿ ಮುಚ್ಚಿಡುವುದಿಲ್ಲ. ಪುಟ್ಟನಂಜಮ್ಮ ಹಿಟ್ಟು ಬೀಸಿಸಿಕೊಂಡು ಅದೇ ದಾರಿಯಲ್ಲಿ ಬಂದಳು.

“ನಿಮಗೊಂದು ಕೊಡಲೇ ಅಮ್ಮ?”

“ನಂಗ್ಯಾಕವ್ವಾ? ಹಪ್ಪಳ ಸುತ್ತಿ ಕೊಡೋದಿಕ್ಕಾ?” ಎಂದು, ಹಗ್ಗದ ಸುರುಳಿಯನ್ನೂ ನನ್ನನ್ನೂ ಒಮ್ಮೆ ನೋಡಿ ಮುಂದೆ ಹೋದಳು.

ಆರನೆಯ ದಿನವೂ ಅದೇ ಕೆಲಸ. ಪುಸ್ತಕಗಳು ಕರಗಿದಂತೆ ವ್ಯಾನು ಮೇಲೆಮೇಲಕ್ಕೆ ಎಳೆಯತೊಡಗಿತು. ನಡುಬೀದಿಯಲ್ಲಿ ಇನ್ನು ತಡೆದು ಹಿಡಿಯಲಾಗದೆಂದು ಅದನ್ನು ಮರುಳಸಿದ್ದಯ್ಯನವರ ಕೊಂಡಿಗೆ ತಂದು ಕಟ್ಟಿ, ಉಳಿದವನ್ನು ಬುಟ್ಟಿಯಲ್ಲಿಟ್ಟು ಇಳಿಸಿದೆ. ಸೂರ್ಯ ಮುಳುಗುವ ಮೊದಲು ಕಪಾಟುಗಳು ಬರಿದಾದವು. ಒಳಗೆ ಉಳಿದ ಹೊರೆ ನಾನೊಬ್ಬಳೇ. ಇಪ್ಪತ್ತೆರಡು ವರ್ಷ ನನ್ನ ಬೆನ್ನಿಗೆ ಆತುಕೊಂಡಿದ್ದ ಆ ಸಾಲುಗಳಿಲ್ಲದೆ ವ್ಯಾನು ಎಷ್ಟು ಚಿಕ್ಕದೆಂದು ಆಗ ಮೊದಲ ಬಾರಿಗೆ ತಿಳಿಯಿತು. ನಾನು ಏಣಿಯಿಳಿದು ಮಾಳಿಗೆಗೆ ಕಾಲಿಟ್ಟ ಕ್ಷಣ ಅದು ಹಗ್ಗವನ್ನು ಸರ್ರನೆ ಬಿಚ್ಚಿಕೊಂಡು ಏರಿತು. ಹಗ್ಗ ಬಿಗಿದು ನಿಂತಾಗ ನನ್ನ ಮನೆ, ನನ್ನ ಅಂಗಡಿ, ನನ್ನ ಈವರೆಗಿನ ಆಯುಸ್ಸು, ಎಲ್ಲವೂ ಸೇರಿ ಒಂದು ಬೆಂಕಿಪೊಟ್ಟಣದಷ್ಟಿತ್ತು.

ಏಳನೆಯ ಬೆಳಿಗ್ಗೆ ಗಫಾರ್ ಸಾಹೇಬರು ಸೀಮೆಸುಣ್ಣ, ಗಡಿಯಾರ, ನಮೂನೆಯ ಕಾಗದಗಳೊಂದಿಗೆ ಪುಟ್ಟನಂಜಮ್ಮನ ಮಾಳಿಗೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕುಳಿತರು. ನಾನು, ತಿಪ್ಪೇಶಿ, ಮರುಳಸಿದ್ದಯ್ಯ ಈಚೆಗೆ ಮೋಟುಗೋಡೆಯ ಬಳಿ. ಪುಟ್ಟನಂಜಮ್ಮ ಎಂಟಕ್ಕೆ ಸರಿಯಾಗಿ ಹಪ್ಪಳ ಹರವಿದಳು. ನಮ್ಮ ಯಾರ ಕಡೆಗೂ ನೋಡಲಿಲ್ಲ. ಒಂಬತ್ತಾಯಿತು, ಹತ್ತಾಯಿತು. ಬಿಸಿಲು ಅಡ್ಡಿಯಿಲ್ಲದೆ ಸುರಿಯುತ್ತಿತ್ತು. ದೂರದಲ್ಲಿ, ಸೌದೆ ಡಿಪೋದ ತಗಡಿನ ಮೇಲೆ, ಆಮೇಲೆ ಶಾಲೆಯ ಹೆಂಚಿನ ಮೇಲೆ, ಸಣ್ಣದೊಂದು ಕಪ್ಪು ಚೌಕ ನಮ್ಮ ಕಡೆಗೆ ನಡೆದು ಬರುತ್ತಿರುವುದನ್ನು ತಿಪ್ಪೇಶಿ ದುರ್ಬೀನಿನಲ್ಲಿ ನೋಡಿ ಪ್ರತಿ ಮನೆಯ ಹೆಸರನ್ನೂ ಕೂಗಿ ಹೇಳುತ್ತಿದ್ದ. ಹನ್ನೊಂದು ಗಂಟೆ ಮೂವತ್ತೊಂದು ನಿಮಿಷಕ್ಕೆ ಅದು ಪುಟ್ಟನಂಜಮ್ಮನ ಮಾಳಿಗೆಯ ಪಡುವಲ ಅಂಚನ್ನು ಮುಟ್ಟಿತು. ಸಾಹೇಬರು ಗೆರೆ ಎಳೆದು ಗಡಿಯಾರ ಹಿಡಿದರು. ಅಂಚು ಮಸುಕಾದ, ಬಾಗಿಲಿನಷ್ಟು ಅಗಲದ ಆ ನೆರಳು ಒಂದು ಸಾಲನ್ನು ಹೊಕ್ಕು ಮುಂದಿನ ಸಾಲಿಗೆ ದಾಟಿತು. ಪುಟ್ಟನಂಜಮ್ಮ ಅದರ ಪಕ್ಕದಲ್ಲೇ, ಅದರ ವೇಗದಲ್ಲೇ, ಬಗ್ಗಿ ನಡೆಯುತ್ತ ಒಂದೊಂದು ಹಪ್ಪಳವನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಹನ್ನೊಂದು ಐವತ್ತನಾಲ್ಕಕ್ಕೆ ನೆರಳು ಮೋಟುಗೋಡೆಯನ್ನು ಹತ್ತಿ ನಮ್ಮ ಕಾಲ ಬುಡಕ್ಕೆ ಬಂದಿತು.

“ಇಪ್ಪತ್ತಮೂರು ನಿಮಿಷ,” ಎಂದರು ಸಾಹೇಬರು. ಕಾಗದದ ಮೇಲೆ ಬಗ್ಗಿ, ಅಂಚಿನಲ್ಲಿ ಹೊಸದೊಂದು ಕಾಲಮ್ಮನ್ನು ತಾವೇ ಗೆರೆ ಎಳೆದು ಮಾಡಿಕೊಂಡು, ಬರೆಯತೊಡಗಿದರು. “ಮೋಡ. ಒಪ್ಪಿಗೆ ಅಗತ್ಯವಿಲ್ಲ. ಮರುಳಸಿದ್ದಯ್ನೋರೇ, ಕೀಲಿಕೈ ಕೊಡಬಹುದು.”

ತಿಪ್ಪೇಶಿ ನನ್ನ ಬೆನ್ನಿಗೆ ಗುದ್ದಿದ. ಮರುಳಸಿದ್ದಯ್ಯನವರು ಸೊಂಟದಿಂದ ಕೀಲಿಕೈ ಬಿಚ್ಚಿದರು. ನಾನು ಪುಟ್ಟನಂಜಮ್ಮನನ್ನು ನೋಡಿದೆ. ಅವಳು ನಡು ನೆಟ್ಟಗೆ ಮಾಡಿಕೊಂಡು ಸಾಲುಗಳ ನಡುವೆ ನಿಂತಿದ್ದಳು. ಸಿಟ್ಟಿರಲಿಲ್ಲ. ತನ್ನ ಮಾಳಿಗೆಯ ಮೇಲೆ, ತನ್ನ ಕಣ್ಣೆದುರಿಗೆ, ತನ್ನನ್ನು ಬಿಟ್ಟು ಒಂದು ಮಾತು ಮುಗಿದುಹೋದದ್ದನ್ನು ನೋಡುತ್ತಿರುವವರ ಮುಖ ಹೇಗಿರುತ್ತದೋ ಹಾಗಿತ್ತು. ಟೈರು ಮಾರುವವನು ರುಜು ಪಡೆದುಕೊಂಡು ಹೋದಾಗಲೂ ಹೀಗೇ ನಿಂತಿದ್ದಳೋ ಏನೋ.

“ಸಾಹೇಬರೇ, ಇನ್ನೂ ಮುಗಿಸಬೇಡಿ,” ಎಂದೆ. “ನಾನು ಅವರನ್ನು ಕೇಳಬೇಕು.”

“ಕೇಳೋ ಅಗತ್ಯ ಇಲ್ಲಮ್ಮ.”

“ಗೊತ್ತು.”

ಅವರು ಲೇಖನಿ ಎತ್ತಿ ನನ್ನನ್ನು ದಿಟ್ಟಿಸಿದರು. “ತಿಳ್ಕೊಂಡು ಕೇಳಿ. ನೀವಾಗೇ ಕೇಳಿದ್ರೆ ಅವರು ಹೇಳಿದ್ದನ್ನ ನಾನು ಬರೀಲೇಬೇಕು. ಬೇಡ ಅಂದ್ರೆ ಬೇಡ. ಇವತ್ತು ಸಂಜೆಗೆ ಹಗ್ಗ ಕತ್ತರಿಸೋದೇ.”

“ಅಕ್ಕಾ, ನಿಮಗೇನು ತಲೆ ಕೆಟ್ಟಿದೆಯಾ?” ತಿಪ್ಪೇಶಿ ಪಿಸುಗುಟ್ಟಿದ್ದು ಬೀದಿಗೆಲ್ಲ ಕೇಳಿಸಿತು. “ಸುಮ್ನೆ ಕೀಲಿಕೈ ಇಸ್ಕೊಳ್ಳಿ.”

ಎರಡು ತಿಂಗಳು ಆ ಹೆಂಗಸಿನ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಬೇಕಾದವಳು ನಾನು. ದಿನವೂ ಹನ್ನೊಂದೂವರೆಗೆ ಅವಳ ಬಿಸಿಲಿನಲ್ಲಿ ಇಪ್ಪತ್ತಮೂರು ನಿಮಿಷ ನನ್ನದಾಗುವುದಿತ್ತು. ಕೊಂಡಿ ಮರುಳಸಿದ್ದಯ್ಯನವರದು, ನಿಯಮ ಪುರಸಭೆಯದು. ಬಿಸಿಲು ಅವರಿಬ್ಬರಲ್ಲಿ ಯಾರದೂ ಅಲ್ಲ. ನಾನು ಮೋಟುಗೋಡೆ ದಾಟಿ, ಹಪ್ಪಳಗಳನ್ನು ಬಳಸಿಕೊಂಡು, ಅವಳ ಮುಂದೆ ಹೋಗಿ ನಿಂತೆ. ಕೇಳಿ ಕಳೆದುಕೊಂಡರೆ ವ್ಯಾನು ಮಾತ್ರ ಹೋಗುತ್ತದೆಂದು ಅಷ್ಟರಲ್ಲಿ ಲೆಕ್ಕ ಹಾಕಿಯಾಗಿತ್ತು.

“ಪುಟ್ಟನಂಜಮ್ಮನವರೇ, ನನ್ನ ಗಾಡಿಯ ನೆರಳು ನಿಮ್ಮ ಮಾಳಿಗೆಯ ಮೇಲೆ ಹಾದುಹೋಗಬಹುದೇ?”

ಅವಳು ಬಗ್ಗಿ, ನೆರಳು ಹಾದುಹೋದ ಸಾಲಿನಿಂದ ಒಂದು ಹಪ್ಪಳ ಎತ್ತಿ ಬಿಸಿಲಿಗೆ ಹಿಡಿದಳು, ತಿರುಗಿಸಿ ಅಂಚು ನೋಡಿದಳು, ಬೆರಳಿನಿಂದ ತಟ್ಟಿದಳು. ಟಕ್ಕೆಂದಿತು. ಅದನ್ನು ಇಟ್ಟು ಪಕ್ಕದ್ದನ್ನು ಎತ್ತಿ ಅದನ್ನೂ ತಟ್ಟಿದಳು. ಮರುಳಸಿದ್ದಯ್ಯನವರ ಕೈಯಲ್ಲಿ ಕೀಲಿಕೈ ಸಣ್ಣಗೆ ಸದ್ದು ಮಾಡುತ್ತಿತ್ತು.

“ಅಷ್ಟೆತ್ತರದಲ್ಲೇ ಇರ್ತದಾ?”

“ಅಷ್ಟೆತ್ತರದಲ್ಲೇ.”

“ಪುಸ್ತಕ ಎಲ್ಲಾ ವಾಪಸ್ ಬಂದ್ಮೇಲೆ ಮತ್ತೆ ಅದರೊಳಗೆ ತುಂಬಿ ಇಳಿಸೋದು ಗಿಳಿಸೋದು ಇಲ್ಲ ತಾನೆ?”

“ಇಲ್ಲ. ಪುಸ್ತಕಗಳು ಮನೆಯೊಳಗೆ, ಗೂಡುಗಳಲ್ಲಿ ಇರುತ್ತವೆ. ಗಾಡಿ ಒಂದೇ ಸಲ ಇಳಿಯುತ್ತದೆ, ನಾನು ಹೊರಡುವ ದಿನ.”

“ಅವತ್ತಿಗೆ ಎರಡು ದಿನ ಮುಂಚೆ ಹೇಳ್ಬೇಕು. ನಾನು ಹಿಟ್ಟು ಕಲಸಲ್ಲ.”

“ಹೇಳುತ್ತೇನೆ.”

“ಗಾಳಿಗೆ ಅತ್ಲಾಗೆ ಇತ್ಲಾಗೆ ಹೊಯ್ದಾಡಿ ನೆರಳು ಇಲ್ಲೇ ಸುಳಿದ್ರೆ?”

“ಆಗ ನಾನೇ ಬಂದು ನಿಮ್ಮ ಹಪ್ಪಳವನ್ನು ಬಿಸಿಲಿರುವ ಕಡೆಗೆ ಎತ್ತಿಡುತ್ತೇನೆ. ಒಂದೊಂದಾಗಿ.”

“ನೀನು ಮುಟ್ಬೇಡ, ಮುರೀತೀಯ,” ಎಂದಳು ಅವಳು. ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಸಾಲುಗಳನ್ನು ದಾಟಿ, ಸ್ಟೂಲಿನ ಮೇಲಿದ್ದ ಗಫಾರ್ ಸಾಹೇಬರ ಎದುರು ನಿಂತಳು. ಅವರ ಬೆರಳುಗಳ ನಡುವಿನಿಂದ ಲೇಖನಿಯನ್ನು ತಾನೇ ತೆಗೆದುಕೊಂಡಳು. ಹೆಸರಿನ ಒಂದೊಂದು ಅಕ್ಷರವನ್ನೂ ಒತ್ತಿ, ಬಿಡಿಸಿ, ಆತುರವಿಲ್ಲದೆ ಬರೆದಳು. ಉದ್ದಿನ ಹಿಟ್ಟಿನ ಬಿಳಿ ಗುರುತು ಕಾಗದಕ್ಕೆ ಹತ್ತಿತು.

ಆಮೇಲೆ ಸಾಹೇಬರು ಬರೆದಿದ್ದ ಮೇಲಿನ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: “ಇದೇನು ಬರ್ದಿರೋದು?”

“ಮೋಡ ಅಂತ.”

“ಹೊಡ್ದಾಕಿ,” ಎಂದಳು ಪುಟ್ಟನಂಜಮ್ಮ. “ಮೋಡ ಯಾವತ್ತಾದ್ರೂ ನನ್ನ ಕೇಳಿ ಬಂದದಾ? ಇವಳು ಕೇಳಿದ್ಲು. ನೆರಳು ಅಂತ್ಲೇ ಬರೀರಿ.”